ನಿಂತ ಬೆಳಗಿನ ಬಸ್ಸಿಗೆ ಬರೀ ಸಹಿ ಸಾಲದು

ಜಗಳೂರು ತಾಲ್ಲೂಕಿನ ನಿಮ್ಮ ಊರಿಂದ ದಾವಣಗೆರೆಗೆ ಹೋಗುತ್ತಿದ್ದ ಬೆಳಗಿನ ಸಾರಿಗೆ ಬಸ್ ನಿಂತಿದೆ, ಸಹಿ ಸಂಗ್ರಹಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಡಿಪೋದವರು ನೋಡುವುದು ಕಿಲೋಮೀಟರಿಗೆ ಎಷ್ಟು ಆದಾಯ ಎಂಬುದನ್ನು. ಒಂದು ವಾರ ಪ್ರತಿ ನಿಲ್ದಾಣದಲ್ಲೂ ಆಟೋ, ಟೆಂಪೋ ಹತ್ತುವವರನ್ನು ಎಣಿಸಿ, ಸಮಯದ ಸಮೇತ ಬರೆಯಿರಿ. ಪಾಸ್ ಇರುವ ವಿದ್ಯಾರ್ಥಿಗಳ ಸಂಖ್ಯೆಯನ್ನು ಕಾಲೇಜಿನಿಂದ ಪತ್ರದಲ್ಲೇ ತನ್ನಿ.

ಮೊದಲು ಬಸ್ ಏಕೆ ನಿಂತಿತು ಎಂದು ತಿಳಿಯಿರಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಆ ಮಾರ್ಗದ ಟ್ರಿಪ್ ರದ್ದತಿ ಮತ್ತು ಆದಾಯದ ವಿವರ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಸಿಬ್ಬಂದಿ ಕೊರತೆಯೇ ಕಾರಣವಾದರೆ ಹೊಸ ಬಸ್ ಕೇಳಬೇಡಿ, ಪಕ್ಕದ ಊರಿನ ಬಸ್ಸನ್ನು ನಿಮ್ಮೂರಿನ ಮೇಲೆ ಹಾಯಿಸಲು ಕೇಳಿ. ಅದು ಬೇಗ ಆಗುತ್ತದೆ. ರಾತ್ರಿ ತಂಗುವ ಬಸ್ಸಾಗಿದ್ದರೆ ಚಾಲಕ, ನಿರ್ವಾಹಕರಿಗೆ ಕೋಣೆ, ಶೌಚಾಲಯ ಇರಲೇಬೇಕು. ಬಸ್ ತಿರುಗಿಸಲು ಜಾಗ ಬೇಕು, ರಸ್ತೆಗೆ ಬಾಗಿದ ಜಾಲಿ ಕೊಂಬೆಗಳನ್ನೂ ಕಡಿಸಿ.

ಗ್ರಾಮಸಭೆಯ ನಿರ್ಣಯ, ಎಣಿಕೆ, ವೇಳಾಪಟ್ಟಿ ಸೇರಿಸಿ ದಾವಣಗೆರೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಶಾಸಕರಿಗೂ ಪ್ರತಿ ಕೊಡಿ.

ಬಸ್ ಬಂದ ಮೇಲೆ ಹೆಂಗಸರು ಶಕ್ತಿ ಯೋಜನೆಯ ಶೂನ್ಯ ಟಿಕೆಟನ್ನು ತಪ್ಪದೆ ಕೇಳಿ ಪಡೆಯಲಿ. ಟಿಕೆಟ್ ಹರಿಯದಿದ್ದರೆ ಲೆಕ್ಕದಲ್ಲಿ ಆ ಸೀಟು ಖಾಲಿಯೇ.