ಹುತ್ತರಿಯ ಸಂತೋಷ ಮಕ್ಕಳು ಹೊರಡುವ ಮೊದಲೇ ಏಕೆ ಮುಗಿದುಹೋಗುತ್ತದೆ?

ಪ್ರಶ್ನೆ: ನನಗೆ 69 ವರ್ಷ. ಯಜಮಾನರು ತೀರಿಕೊಂಡ ಮೇಲೆ ವಿರಾಜಪೇಟೆ ಸಮೀಪದ ತೋಟದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಹುತ್ತರಿಗೆ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಎಲ್ಲರೂ ಊಟಕ್ಕೆ ಕುಳಿತಿದ್ದಾಗಲೇ ‘ಭಾನುವಾರ ಹೊರಟುಬಿಡುತ್ತಾರೆ’ ಎಂಬ ಯೋಚನೆ ಬಂದು ತುತ್ತು ಇಳಿಯಲಿಲ್ಲ. ಈಗ ಆ ದಿನಗಳನ್ನು ನೆನೆದರೂ ಅಳು ಬರುತ್ತದೆ. ಈ ವಯಸ್ಸಿನಲ್ಲಿ ಸಂತೋಷಪಡುವುದನ್ನು ಹೊಸದಾಗಿ ಕಲಿಯಬಹುದೇ?

ಉತ್ತರ: ಕಲಿಯಬಹುದು. ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ಬೇರೆ, ಒದಗಿದ ಸುಖವನ್ನು ಸವಿಯುವ ಶಕ್ತಿ ಬೇರೆ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ಫ್ರೆಡ್ ಬ್ರಯಂಟ್ ಮತ್ತು ಜೋಸೆಫ್ ವೆರಾಫ್ 2007ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಒಬ್ಬರೇ ಮನೆ ನಡೆಸಿಕೊಂಡು ಬಂದಿರುವ ನಿಮ್ಮಲ್ಲಿ ಮೊದಲನೆಯದಕ್ಕೆ ಕೊರತೆಯಿಲ್ಲ; ಎರಡನೆಯದಕ್ಕೆ ಸ್ವಲ್ಪ ಅಭ್ಯಾಸ ಬೇಕು.

ಭಾನುವಾರದ ಯೋಚನೆಯನ್ನು ಬಲವಂತವಾಗಿ ಅದುಮಲು ಹೋಗಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಅವರ ಸಿದ್ಧಾಂತದ ಪ್ರಕಾರ, ಮುಂದಿರುವ ಕಾಲ ಸೀಮಿತವೆಂಬ ಅರಿವು ಬಲವಾದಂತೆಲ್ಲ ಮನುಷ್ಯರು ದೂರದ ಲೆಕ್ಕಾಚಾರಗಳನ್ನು ಬಿಟ್ಟು ಆಪ್ತರಲ್ಲಿ, ಮನಸ್ಸಿಗೆ ಹಿತವಾದ ಸಂಗತಿಗಳಲ್ಲಿ ಹೆಚ್ಚು ಗಮನ ಇಡುತ್ತಾರೆ. ವಯಸ್ಸಾದವರಲ್ಲಿ ಅನೇಕರು ತರುಣರಿಗಿಂತ ನೆಮ್ಮದಿಯಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಅವರು ಹೇಳುತ್ತಾರೆ. ‘ಭಾನುವಾರ ಹೋಗುತ್ತಾರೆ’ ಎಂದು ಮನಸ್ಸು ಹೇಳಿದ ಕೂಡಲೇ ‘ಇವತ್ತು ಇಲ್ಲೇ ಇದ್ದಾರೆ’ ಎಂದು ಅದಕ್ಕೆ ಸೇರಿಸಿ, ಕಣ್ಣೆದುರಿನ ಒಂದೇ ಒಂದು ಸಂಗತಿಯ ಮೇಲೆ ಗಮನವಿಡಿ: ಮೊಮ್ಮಗು ತಂಬುಟ್ಟನ್ನು ಬೆರಳಿಗೆಲ್ಲ ಮೆತ್ತಿಕೊಂಡು ತಿನ್ನುವ ರೀತಿ, ಕದಿರು ಮನೆಗೆ ಬರುವಾಗ ‘ಪೊಲಿ ಪೊಲಿ ದೇವಾ’ ಎಂದು ಯಾರ ದನಿ ಎಲ್ಲರಿಗಿಂತ ಮೇಲೆದ್ದಿತು ಎಂಬುದು. ಹೀಗೆ ಗಮನಿಸಿದ್ದನ್ನು ಅಲ್ಲೇ ಬಾಯಿಬಿಟ್ಟು ಹೇಳಿ, ಏಕೆಂದರೆ ಹಂಚಿಕೊಂಡ ಸಂತೋಷ ಇನ್ನಷ್ಟು ಗಾಢವಾಗುತ್ತದೆ.

ನೆನಪಿನ ವಿಷಯದಲ್ಲಿಯೂ ಇದೇ ಮಾತು. ‘ಆಗ ಮನೆ ತುಂಬಿತ್ತು, ಈಗ ಬರಿದು’ ಎಂದು ಹೋಲಿಸಿದರೆ ನೆನಪು ಕೊರತೆಯ ಪಟ್ಟಿಯಾಗುತ್ತದೆ. ಅದೇ ಊಟದಲ್ಲಿ ಯಾರು ಏನು ಹೇಳಿ ನಗಿಸಿದರೆಂದು ಮಗಳಿಗೆ ಫೋನಿನಲ್ಲಿ ವಿವರವಾಗಿ ಹೇಳಿದರೆ ಆ ಊಟದ ಸುಖವೇ ಮತ್ತೆ ಸಿಗುತ್ತದೆ. ಯಜಮಾನರ ನೆನಪಾಗಿ ಕಣ್ಣು ತುಂಬಿದರೆ ಅದನ್ನು ನಿಮ್ಮ ಸೋಲೆಂದು ಎಣಿಸಬೇಡಿ. ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡುವಂತೆ ಕೆಲವರು ಸಲಹೆ ನೀಡುತ್ತಾರೆ. ಅದು ಶಾಲೆಯ ಮನೆಗೆಲಸದಂತೆ ಅನ್ನಿಸಿದರೆ ಬಿಟ್ಟುಬಿಡಿ.

ಎದುರುನೋಡುವುದೂ ಸವಿಯುವುದರ ಭಾಗವೇ. ಹೂಮಳೆ ಬಿದ್ದು ಕಾಫಿ ಅರಳಿದರೆ ಆ ಬಿಳುಪು, ಆ ಪರಿಮಳ ಕೆಲವೇ ದಿನ ಇರುತ್ತದೆ. ಮಳೆ ಬಿದ್ದ ದಿನವೇ ಮಕ್ಕಳಿಗೆ ತಿಳಿಸಿ, ಅವರು ಬರಲಾಗದಿದ್ದರೆ ನೆರೆಮನೆಯವರನ್ನು ಕರೆದು ಅವರೊಂದಿಗೆ ತೋಟ ಸುತ್ತಿ ಬನ್ನಿ.

ಆದರೆ ಎರಡು ವಾರಕ್ಕೂ ಮೀರಿ ಯಾವುದರಲ್ಲಿಯೂ ಆಸಕ್ತಿ ಇಲ್ಲದೆ, ನಿದ್ರೆ, ಹಸಿವು ಕೆಟ್ಟು, ಬದುಕೇ ಬೇಡವೆನಿಸಿದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಈ ಅಭ್ಯಾಸಗಳು ಸಾಲುವುದಿಲ್ಲ, ಚಿಕಿತ್ಸೆ ಬೇಕು; ತಡಮಾಡದೆ ವೈದ್ಯರನ್ನು ಕಾಣಿ ಅಥವಾ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.