ಮರಳುಗಾಡಿಗೆ ಬಂದ ಐಸ್ ಹಾಕಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಹಿಮ ಬೀಳದ ಊರುಗಳಿಗೂ ಹರಡಿದ್ದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಡೆ ಹಾಕಿ ಎಂದರೆ ಬಯಲು, ಬಿಸಿಲು. ಅಲ್ಲಿ ಐಸ್ ಮೇಲೆ ಆಡುತ್ತಾರೆ, ಸರಿ. ಆದರೆ ಲಾಸ್ ವೇಗಸ್‌ನಂಥ ಸುಡುವ ಊರಲ್ಲಿ ಜೂನ್ ತಿಂಗಳಲ್ಲೂ ಐಸ್ ಹೇಗೆ ನಿಲ್ಲುತ್ತದೆ? (ಮಡಿಕೇರಿ)

ಐಸ್‌ಗೆ ಹೊರಗಿನ ಬಿಸಿಲಿಗಿಂತ ಗಾಳಿಯ ತೇವ ದೊಡ್ಡ ಶತ್ರು. ರಿಂಕ್, ಅಂದರೆ ಐಸ್ ಅಂಕಣ, 200 ಅಡಿ ಉದ್ದ, 85 ಅಡಿ ಅಗಲ. ಅದರಡಿ ಕಾಂಕ್ರೀಟ್ ಹಾಸು, ಹಾಸಿನೊಳಗೆ ಒತ್ತೊತ್ತಾಗಿ ಹೂತ ಪೈಪುಗಳು, ಪೈಪುಗಳಲ್ಲಿ ಸೊನ್ನೆಯ ಕೆಳಗೂ ಹೆಪ್ಪುಗಟ್ಟದ ಉಪ್ಪುನೀರು ಅಥವಾ ಗ್ಲೈಕಾಲ್. ಹಾಸು ಕೊರೆಯುವಷ್ಟು ತಣ್ಣಗಾದ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸುತ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ನಡುವೆ ಬಿಳಿ ಬಣ್ಣ ಬಳಿಯುತ್ತಾರೆ, ಇಲ್ಲದಿದ್ದರೆ ಕಾಂಕ್ರೀಟಿನ ಬೂದಿ ಬಣ್ಣ ಕಂಡು ಕಪ್ಪು ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಕಣ್ಣಿಗೇ ಬೀಳುವುದಿಲ್ಲ. ಅದರ ಮೇಲೆ ಗೆರೆಗಳು, ತಂಡದ ಲಾಂಛನ, ಮತ್ತೆ ನೀರು. ಎಲ್ಲ ಸೇರಿ ದಪ್ಪ ಸುಮಾರು ಒಂದು ಇಂಚು, ಅಷ್ಟೇ. ಜಾಸ್ತಿ ದಪ್ಪ ಕಟ್ಟಿದರೆ ಇನ್ನೂ ಗಟ್ಟಿ ಆಗುತ್ತದೆ ಅಂದುಕೊಳ್ಳಬೇಡಿ. ಕೆಳಗಿನ ತಂಪು ಮೇಲಕ್ಕೆ ತಲುಪದೆ ಮೇಲ್ಮೈ ಮೆತ್ತಗಾಗುತ್ತದೆ.

ಮೇಲ್ಮೈ ಮೈನಸ್ 4ರಿಂದ 5 ಡಿಗ್ರಿ ಸೆಲ್ಸಿಯಸ್ ಇರಬೇಕು, ಒಳಗಿನ ಗಾಳಿ 16ರ ಆಸುಪಾಸು. ಬಾಗಿಲು ತೆರೆದಾಗ ಒದ್ದೆ ಗಾಳಿ ನುಗ್ಗಿದರೆ, ಅದಕ್ಕೆ ಸಾವಿರಾರು ಜನರ ಉಸಿರೂ ಸೇರಿದರೆ, ಆ ತೇವವೆಲ್ಲ ಐಸ್ ಮೇಲೆ ಇಬ್ಬನಿಯಂತೆ ಕೂತು ಪಕ್ ತೆವಳತೊಡಗುತ್ತದೆ. ಐಸ್ ಮೆತ್ತಗಾದರೆ ಸ್ಕೇಟಿನ ಗೀರುಗಳು ಆಳವಾಗಿ, ನೇರ ಬರಬೇಕಾದ ಪಾಸ್ ಪುಟಿದು ಕೋಲಿನ ಮೇಲೆ ಹಾರಿಹೋಗುತ್ತದೆ. ಹಾಗಾಗಿ ಒಣ ಹವೆಯ ವೇಗಸ್‌ಗಿಂತ ಕಡಲಂಚಿನ ಟ್ಯಾಂಪಾದಲ್ಲಿ ಐಸ್ ಕಾಯುವವನ ಪಾಡು ಕಷ್ಟ, ತೇವ ಹೀರುವ ಯಂತ್ರಗಳು ಬಿಡುವಿಲ್ಲದೆ ಓಡಬೇಕು. ಚಳಿಯ ಊರಿಗೂ ಇದರಿಂದ ವಿನಾಯಿತಿ ಇಲ್ಲ. 1975ರ ಮೇ ತಿಂಗಳಲ್ಲಿ ಬಫಲೊದ ಏಸಿ ಇಲ್ಲದ ಕಟ್ಟಡದಲ್ಲಿ ಎನ್‌ಎಚ್‌ಎಲ್‌ನ ಅಂತಿಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ನಡೆದಾಗ ಐಸ್ ಮೇಲೆ ಮಂಜು ಕವಿದು ಆಟವನ್ನು ಪದೇ ಪದೇ ನಿಲ್ಲಿಸಬೇಕಾಯಿತು. 1991ರಲ್ಲಿ ವೇಗಸ್‌ನ ಒಂದು ಹೋಟೆಲಿನ ಹೊರಗೆ ಬಯಲಲ್ಲೇ ಪ್ರದರ್ಶನ ಪಂದ್ಯ ಆಡಿಸಿದರು. ಐಸ್ ಹೇಗೋ ನಿಂತಿತು. ದೀಪಕ್ಕೆ ಮುತ್ತಿದ ಮಿಡತೆಗಳು ಅದರ ಮೇಲೆ ಉದುರಿದವು.

ಪ್ರಶ್ನೆ: ವೇಗಸ್ ತಂಡ ಗೆದ್ದಿತು, ಪಕ್ಕದ ಅರಿಜೋನಾ ತಂಡ ಊರು ಬಿಟ್ಟಿತು. ಎರಡೂ ಮರಳುಗಾಡೇ. ವ್ಯತ್ಯಾಸ ಎಲ್ಲಿ? (ಬಳ್ಳಾರಿ)

ಮನೆಯಲ್ಲಿ. ಅರಿಜೋನಾ ತಂಡದ 28 ವರ್ಷ ಎಂದರೆ ಬಾಡಿಗೆ ಮನೆ ಹುಡುಕಿ ಸುಸ್ತಾದವನ ಕಥೆ. 1996ರಲ್ಲಿ ಕೆನಡಾದ ವಿನಿಪೆಗ್‌ನಿಂದ ಫೀನಿಕ್ಸ್‌ಗೆ ಬಂದಾಗ ಸಿಕ್ಕಿದ್ದು ಬ್ಯಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಒಳಾಂಗಣ. ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಅದರ ಸುತ್ತ ಎದ್ದ ಆಸನಗಳ ನಡುವೆ 200 ಅಡಿಯ ರಿಂಕ್ ತುರುಕಿದರೆ ತುದಿಯ ಮೇಲಿನ ಸಾಲುಗಳಲ್ಲಿ ಕೂತವರಿಗೆ ತಮ್ಮ ಕಾಲಡಿಯ ಗೋಲೇ ಕಾಣುವುದಿಲ್ಲ. ಗೋಲು ಕಾಣದ ಸೀಟಿಗೆ ಯಾರು ಪೂರ್ತಿ ದುಡ್ಡು ಕೊಡುತ್ತಾರೆ?

2003ರ ಕೊನೆಗೆ ಗ್ಲೆಂಡೇಲ್‌ನಲ್ಲಿ ಹಾಕಿಗೆ ಒಪ್ಪುವ ಹೊಸ ಕಟ್ಟಡ ಸಿಕ್ಕಿತು. ಕಟ್ಟಡ ಚೆನ್ನಾಗಿತ್ತು, ಜಾಗ ತಪ್ಪಿತ್ತು. ಗ್ಲೆಂಡೇಲ್ ಫೀನಿಕ್ಸ್‌ನ ಪಶ್ಚಿಮಕ್ಕೆ. ದುಬಾರಿ ಟಿಕೆಟ್ ಕೊಳ್ಳಬಲ್ಲವರು ಹೆಚ್ಚಾಗಿ ಪೂರ್ವದ ಸ್ಕಾಟ್ಸ್‌ಡೇಲ್ ಕಡೆಯವರು. ಅಮೆರಿಕನ್ ಫುಟ್‌ಬಾಲ್‌ಗೆ ತವರಿನ ಪಂದ್ಯ ಎಂಟೋ ಒಂಬತ್ತೋ, ಬಹುಪಾಲು ಭಾನುವಾರ. ಹಾಕಿ ತಂಡಕ್ಕೆ ಆಗ 41 ಪಂದ್ಯ, ಹಲವು ವಾರದ ಮಧ್ಯೆ ಸಂಜೆ ಏಳಕ್ಕೆ. ಮಂಗಳವಾರ ಕೆಲಸ ಮುಗಿಸಿ ಸಂಜೆಯ ಟ್ರಾಫಿಕ್ಕಿನಲ್ಲಿ ಊರು ದಾಟಿ ಹೋಗುವವರು ಕಡಿಮೆ. ಎನ್‌ಎಚ್‌ಎಲ್ ತಂಡಗಳು ಗೇಟಿನ ಹಣವನ್ನು, ಅಂದರೆ ಟಿಕೆಟ್ ಮಾರಾಟವನ್ನು, ನೆಚ್ಚಿಕೊಂಡಿರುವುದರಿಂದ ಪೆಟ್ಟು ನೇರ ಬೊಕ್ಕಸಕ್ಕೆ.

2009ರ ಮೇನಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. ಬ್ಲ್ಯಾಕ್‌ಬೆರಿ ಖ್ಯಾತಿಯ ಜಿಮ್ ಬಾಲ್ಸಿಲಿ 21.25 ಕೋಟಿ ಡಾಲರ್ ಕೊಟ್ಟು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯಲು ಮುಂದಾದರು. ನ್ಯಾಯಾಲಯ ಒಪ್ಪಲಿಲ್ಲ, ಲೀಗ್ ತಾನೇ 14 ಕೋಟಿಗೆ ತಂಡವನ್ನು ಕೊಂಡಿತು. ತಂಡ ಉಳಿಸಿಕೊಳ್ಳಲು ಗ್ಲೆಂಡೇಲ್ ನಗರ ಎರಡು ವರ್ಷ ತಲಾ 2.5 ಕೋಟಿ ಡಾಲರ್ ತೆತ್ತಿತು. ಕೊನೆಗೆ ನಗರಕ್ಕೂ ಸಾಕಾಗಿ 2022ರಲ್ಲಿ ತಂಡ ಹೊರಬಿತ್ತು. ಮುಂದಿನ ಎರಡು ಸೀಸನ್ ಟೆಂಪಿಯ ವಿಶ್ವವಿದ್ಯಾಲಯವೊಂದರ ರಿಂಕ್‌ನಲ್ಲಿ, ಸುಮಾರು 4,600 ಸೀಟುಗಳ ಮುಂದೆ ಆಡಿತು. ಅದೇ ಟೆಂಪಿಯಲ್ಲಿ ಸ್ವಂತ ಕ್ರೀಡಾಂಗಣದ ಪ್ರಸ್ತಾವವನ್ನು 2023ರ ಮೇನಲ್ಲಿ ಮತದಾರರು ತಳ್ಳಿಹಾಕಿದರು. 2024ರ ಏಪ್ರಿಲ್‌ನಲ್ಲಿ ಆಟಗಾರರು, ಸಿಬ್ಬಂದಿ ಎಲ್ಲ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಹೊರಟರು.

ವೇಗಸ್‌ನಲ್ಲಿ ಕ್ರಮವೇ ತಿರುಗುಮುರುಗು. ಮೊದಲು ಜನ: 2015ರಲ್ಲೇ ಮುಂಗಡ ಕೊಟ್ಟು ಸೀಸನ್ ಟಿಕೆಟ್ ಕಾದಿರಿಸಿದವರು 10,000 ದಾಟಿದರು. ಆಮೇಲೆ ಮನೆ: ಊರ ನಡುವಿನ ಒಳಾಂಗಣ 2016ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ತಂಡ ಮಂಜೂರಾದದ್ದು ಆ ವರ್ಷದ ಜೂನ್‌ನಲ್ಲಿ, ಮೊದಲ ಪಂದ್ಯ 2017ರ ಅಕ್ಟೋಬರ್‌ನಲ್ಲಿ. ಊರಿಗೆ ಇದೇ ಮೊದಲ ದೊಡ್ಡ ವೃತ್ತಿಪರ ತಂಡ, ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ.

ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ಎರಡು ಸಲ ತಂಡ ಕಳೆದುಕೊಂಡಿತು, 1980ರಲ್ಲಿ ಕ್ಯಾಲ್ಗರಿಗೆ, 2011ರಲ್ಲಿ ವಿನಿಪೆಗ್‌ಗೆ. ‘ದಕ್ಷಿಣದವರಿಗೆ ಹಾಕಿ ಒಗ್ಗದು’ ಎಂದು ಷರಾ ಬರೆದುಬಿಟ್ಟರು. ಎರಡನೇ ಸಲದ ಮಟ್ಟಿಗೆ ಆ ಷರಾ ಒಪ್ಪುವಂಥದ್ದಲ್ಲ. ಪಾಲುದಾರ ಮಾಲೀಕರು ವರ್ಷಗಟ್ಟಲೆ ಕೋರ್ಟಿನಲ್ಲಿ ಕಿತ್ತಾಡಿ, ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಕಟ್ಟಡವನ್ನೂ ತಮ್ಮಲ್ಲೇ ಇಟ್ಟುಕೊಂಡು ಹಾಕಿ ತಂಡವನ್ನು ಮಾತ್ರ ಮಾರಾಟಕ್ಕಿಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಮನೆ ಇಲ್ಲದ ತಂಡವನ್ನು ಅದೇ ಊರಲ್ಲಿಡಲು ಕೊಳ್ಳುವವರು ಯಾರು?

ಯೂಟಾದ ಕಟ್ಟಡವೂ ಬ್ಯಾಸ್ಕೆಟ್‌ಬಾಲ್‌ನದೇ, ಗೋಲು ಕಾಣದ ಸೀಟುಗಳು ಅಲ್ಲೂ ಇದ್ದವು. ಆದರೆ ಅಲ್ಲಿ ಎರಡೂ ತಂಡಗಳಿಗೆ ಒಬ್ಬರೇ ಮಾಲೀಕರು, ಕಟ್ಟಡವನ್ನು ಹಾಕಿಗೆ ತಕ್ಕಂತೆ ಬದಲಿಸುವ ಕೆಲಸಕ್ಕೂ ಅವರೇ ಕೈಹಾಕಿದ್ದಾರೆ.

ಪ್ರಶ್ನೆ: ಹೊಸ ತಂಡಕ್ಕೆ ಆಟಗಾರರು ಎಲ್ಲಿಂದ ಬರುತ್ತಾರೆ? ಐಪಿಎಲ್ ಥರ ಹರಾಜೇ? (ತುಮಕೂರು)

ಹರಾಜಲ್ಲ, ಹಳೆಯ ತಂಡಗಳಿಂದ ತಲಾ ಒಬ್ಬರನ್ನು ಎತ್ತಿಕೊಳ್ಳುವ ವಿಸ್ತರಣಾ ಡ್ರಾಫ್ಟ್. 2017ರ ನಿಯಮ ಹೀಗಿತ್ತು: ಪ್ರತಿ ತಂಡ 7 ಫಾರ್ವರ್ಡ್, 3 ಡಿಫೆಂಡರ್, 1 ಗೋಲ್‌ಕೀಪರ್ ಅಥವಾ ಯಾವ ಸ್ಥಾನದವರಾದರೂ ಸರಿ 8 ಆಟಗಾರರು, 1 ಗೋಲ್‌ಕೀಪರ್ ಎಂದು ಬೇಲಿ ಹಾಕಿಕೊಳ್ಳಬಹುದು. ವೃತ್ತಿಪರ ಆಟದಲ್ಲಿ ಮೊದಲ ಎರಡು ವರ್ಷದ ಎಳೆಯರನ್ನು ಮುಟ್ಟುವಂತಿಲ್ಲ. ಬೇಲಿಯ ಹೊರಗೆ ಉಳಿದವರಲ್ಲಿ ಒಬ್ಬನನ್ನು ವೇಗಸ್ ಒಯ್ಯಬಹುದು. ಒಟ್ಟು 30 ಜನರಲ್ಲಿ ಕನಿಷ್ಠ 14 ಫಾರ್ವರ್ಡ್, 9 ಡಿಫೆಂಡರ್, 3 ಗೋಲ್‌ಕೀಪರ್ ಇರಲೇಬೇಕು.

ಹಳೆಯ ತಂಡಗಳು ಎಡವಿದ್ದು ಗಾಬರಿಯಿಂದ. ‘ಇವನನ್ನು ಮುಟ್ಟಬೇಡಿ, ಅವನನ್ನು ಒಯ್ಯಿರಿ, ಜೊತೆಗೆ ಇದನ್ನೂ ಇಟ್ಟುಕೊಳ್ಳಿ’ ಎಂದು ಒಳಒಪ್ಪಂದ ಮಾಡಿಕೊಂಡರು. ಕೊಲಂಬಸ್ ತಂಡ ವಿಲಿಯಂ ಕಾರ್ಲ್‌ಸನ್‌ನನ್ನು ಬಿಟ್ಟುಕೊಟ್ಟು, ಮೇಲೆ ಮೊದಲ ಸುತ್ತಿನ ಡ್ರಾಫ್ಟ್ ಸರದಿಯನ್ನೂ (ಹೊಸ ಎಳೆಯ ಆಟಗಾರನನ್ನು ಆರಿಸುವ ಹಕ್ಕು) ಕೊಟ್ಟಿತು. ಹಿಂದಿನ ಸೀಸನ್‌ನಲ್ಲಿ 6 ಗೋಲು ಹೊಡೆದಿದ್ದ ಕಾರ್ಲ್‌ಸನ್ ವೇಗಸ್‌ನಲ್ಲಿ 43 ಹೊಡೆದ. ಫ್ಲೋರಿಡಾ ತಂಡ ಜೊನಾಥನ್ ಮಾರ್ಶೆಸೊನನ್ನು ಕಳಿಸಿತು, 2023ರಲ್ಲಿ ವೇಗಸ್ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅವನೇ. ಮೊದಲ ಸೀಸನ್‌ನಲ್ಲೇ ವೇಗಸ್ 109 ಅಂಕ ಗಳಿಸಿ ಫೈನಲ್ ತಲುಪಿತ್ತು. 2021ರಲ್ಲಿ ಅದೇ ನಿಯಮದಡಿ ಸಿಯಾಟಲ್ ತಂಡ ಬರುವಾಗ ಹಳಬರು ಎಚ್ಚೆತ್ತಿದ್ದರು, ಇಂಥ ಉಡುಗೊರೆ ಸಿಗಲಿಲ್ಲ. ಮೊದಲ ಸೀಸನ್‌ನಲ್ಲಿ ಸಿಯಾಟಲ್‌ಗೆ 60 ಅಂಕ, ವಿಭಾಗದಲ್ಲಿ ಕೊನೆಯ ಸ್ಥಾನ. ಇವೆಲ್ಲ ಹೊಸ ತಂಡಗಳ ಪಾಲಿಗೆ ಮೆತ್ತಗಿನ ಕಾಲದ ಮಾತು. 1974ರಲ್ಲಿ ಹೊಸದಾಗಿ ಬಂದ ವಾಷಿಂಗ್ಟನ್ ತಂಡ ಮೊದಲ ಸೀಸನ್‌ನ 80 ಪಂದ್ಯಗಳಲ್ಲಿ 8 ಮಾತ್ರ ಗೆದ್ದಿತ್ತು.

ಪ್ರಶ್ನೆ: ತಮ್ಮ ಆಟಗಾರರನ್ನೇ ಕಸಿಯುವ ಹೊಸ ತಂಡಕ್ಕೆ ಹಳೆಯ ಮಾಲೀಕರು ಒಪ್ಪುವುದೇಕೆ? (ದಾವಣಗೆರೆ)

ದುಡ್ಡು. 1967ರಲ್ಲಿ ಆರು ತಂಡಗಳ ಲೀಗ್ ಹನ್ನೆರಡಾದಾಗ ಪ್ರವೇಶ ಶುಲ್ಕ ತಲಾ 20 ಲಕ್ಷ ಡಾಲರ್. ವೇಗಸ್ ಕೊಟ್ಟದ್ದು 50 ಕೋಟಿ, ಸಿಯಾಟಲ್ 65 ಕೋಟಿ. ವೇಗಸ್‌ನ ಹಣ 30 ಮಾಲೀಕರಿಗೆ ಹಂಚಿದರೆ ತಲಾ 1.66 ಕೋಟಿ ಡಾಲರ್‌ಗೂ ಹೆಚ್ಚು. ಲೀಗ್‌ನ ಮಾಮೂಲಿ ಆದಾಯದಲ್ಲಿ ಆಟಗಾರರಿಗೆ ಅರ್ಧ ಪಾಲುಂಟು, ಈ ಶುಲ್ಕದಲ್ಲಿ ಬಿಡಿಗಾಸೂ ಇಲ್ಲ. ಅರಿಜೋನಾ ತಂಡ ಯೂಟಾಕ್ಕೆ ಹೋದಾಗಿನ 120 ಕೋಟಿಯ ವ್ಯವಹಾರದಲ್ಲೂ 100 ಕೋಟಿ ಹಳೆಯ ಮಾಲೀಕರಿಗೆ ಹೋಯಿತು, ಉಳಿದ 20 ಕೋಟಿ ಲೀಗ್‌ನ ಮಾಲೀಕರಿಗೆ.

ಪ್ರಶ್ನೆ: ಕೆನಡಾದ ಕ್ಯೂಬೆಕ್ ಸಿಟಿಯಲ್ಲಿ ಹಾಕಿ ಹುಚ್ಚೂ ಇದೆ, 2015ರಿಂದ 18,000 ಸೀಟಿನ ಕಟ್ಟಡವೂ ಇದೆ. ತಂಡ ಏಕಿಲ್ಲ? (ಮೈಸೂರು)

ಮನೆ ಇದ್ದರೆ ಸಾಕು ಎಂದು ನಾವು ಹೇಳಲಿಲ್ಲ, ಮನೆ ಇಲ್ಲದಿದ್ದರೆ ಆಗದು ಎಂದೆವು. ಟಿಕೆಟ್ ಹಣ ಬರುವುದು ಕೆನಡಾ ಡಾಲರ್‌ನಲ್ಲಿ, ಆಟಗಾರರ ಸಂಬಳ ಅಮೆರಿಕ ಡಾಲರ್‌ನಲ್ಲಿ. 1995ರಲ್ಲಿ ಕ್ಯೂಬೆಕ್ ತಂಡ ಡೆನ್ವರ್‌ಗೆ, ಮರುವರ್ಷ ವಿನಿಪೆಗ್ ತಂಡ ಫೀನಿಕ್ಸ್‌ಗೆ ಹೋಗಲು ಈ ಹೊರೆಯೂ ಒಂದು ಕಾರಣ. ಡೆನ್ವರ್‌ನಲ್ಲಿ ತಂಡ ಮೊದಲ ಸೀಸನ್‌ನಲ್ಲೇ ಕಪ್ ಗೆದ್ದದ್ದು ಕ್ಯೂಬೆಕ್‌ನವರ ಹೊಟ್ಟೆ ಉರಿಸಿತು. 2016ರಲ್ಲಿ ವೇಗಸ್ ಜೊತೆ ಕ್ಯೂಬೆಕ್ ಅರ್ಜಿಯೂ ಲೀಗ್‌ನ ಮುಂದಿತ್ತು. ಆಗ ಲೀಗ್‌ನ ಪೂರ್ವ ಗುಂಪಿನಲ್ಲಿ 16 ತಂಡ, ಪಶ್ಚಿಮ ಗುಂಪಿನಲ್ಲಿ 14. ಇನ್ನೊಂದು ಪೂರ್ವದ ತಂಡ ಲೀಗ್‌ಗೆ ಬೇಕಿರಲಿಲ್ಲ, ಅರ್ಜಿಯನ್ನು ಮುಂದೂಡಿತು.

ಪ್ರಶ್ನೆ: ಟೆಕ್ಸಸ್‌ನ ಫ್ರಿಸ್ಕೊದಲ್ಲಿದ್ದೇವೆ. ಏಳು ವರ್ಷದ ಮಗಳು ಐಸ್ ಹಾಕಿ ಕಲಿಯಬೇಕು ಎನ್ನುತ್ತಾಳೆ. ಎಲ್ಲಿಂದ ಶುರು ಮಾಡುವುದು? (ಒಬ್ಬ ತಾಯಿ)

ಸರಿಯಾದ ಊರಲ್ಲೇ ಇದ್ದೀರಿ. 1993ರಲ್ಲಿ ಮಿನೆಸೋಟದಿಂದ ಡಲ್ಲಾಸ್‌ಗೆ ಬಂದ ಸ್ಟಾರ್ಸ್ ತಂಡ ಸುತ್ತಲಿನ ಊರುಗಳಲ್ಲಿ ಸ್ಟಾರ್‌ಸೆಂಟರ್ ಹೆಸರಿನ ರಿಂಕ್‌ಗಳನ್ನು ನಡೆಸುತ್ತದೆ, ಫ್ರಿಸ್ಕೊದಲ್ಲೂ ಒಂದಿದೆ. ಹೊಸ ನೆಲದಲ್ಲಿ ಬೇರು ಬಿಡುವ ದಾರಿಯೇ ಇದು: ಇವತ್ತು ಸ್ಕೇಟ್ ಕಟ್ಟುವ ಮಗು ನಾಳೆ ಟಿಕೆಟ್ ಕೊಳ್ಳುತ್ತದೆ. ‘ಲರ್ನ್ ಟು ಪ್ಲೇ’ ಬಗ್ಗೆ ವಿಚಾರಿಸಿ. 5ರಿಂದ 9 ವರ್ಷದ ಹೊಸಬರಿಗೆ ಕೆಲವು ವಾರಗಳ ಪಾಠದ ಜೊತೆ ಅಡಿಯಿಂದ ಮುಡಿವರೆಗಿನ ಸಾಮಾನೂ ಸಿಗುತ್ತದೆ.

ನೀವೇ ಕೊಳ್ಳುವುದಾದರೆ ಸ್ಕೇಟ್‌ನಲ್ಲಿ ಎಡವಬೇಡಿ. ‘ಬೆಳೆಯುವ ಮಗು, ಒಂದು ಸೈಜ್ ದೊಡ್ಡದಿರಲಿ’ ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಕಿ ಸ್ಕೇಟಿನ ಸೈಜ್ ಶೂಗಿಂತ ಒಂದು, ಒಂದೂವರೆ ಕಡಿಮೆ. ಸಡಿಲವಾದರೆ ಪಾದದ ಗಂಟು ಒಳಕ್ಕೆ ವಾಲಿ ಮಗು ನಿಲ್ಲಲಾರದೆ ಬೇಸತ್ತುಬಿಡುತ್ತದೆ. ಲೇಸನ್ನು ಪಾದದ ಗಂಟಿನ ಹತ್ತಿರ ಬಿಗಿಯಾಗಿ, ಬೆರಳಿನ ಕಡೆ ತುಸು ಸಡಿಲವಾಗಿ ಕಟ್ಟಿ. ಸ್ಕೇಟ್ ಹಾಕಿ ನಿಂತಾಗ ಕೋಲು ಗದ್ದದ ಮಟ್ಟಕ್ಕೆ ಬರಬೇಕು. ಕಾಂಕ್ರೀಟ್ ಮೇಲೆ ನಾಲ್ಕು ಹೆಜ್ಜೆ ನಡೆದರೂ ಅಲಗು ಮೊಂಡು, ಕವಚ ಹಾಕಿಸಿ. ಮನೆಗೆ ಬಂದ ಮೇಲೆ ಒರೆಸಿ ಒಣಗಲು ಬಿಡಿ. ಒದ್ದೆ ಅಲಗಿನ ಮೇಲೆ ಪ್ಲಾಸ್ಟಿಕ್ ಕವಚ ಹಾಗೇ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಹಾಕಿ ಇಂಡಿಯಾ ಲೀಗ್‌ನ ತಂಡಗಳಿಗೂ ಹೀಗೆ ಊರು ಬೆಳೆಸಲು ಆಗದೇ? (ಹುಬ್ಬಳ್ಳಿ)

2025ರ ಆರಂಭದಲ್ಲಿ ಮುಗಿದ ಸೀಸನ್ ನೋಡಿ: ಪುರುಷರ, ಮಹಿಳೆಯರ ಪಂದ್ಯಗಳೆಲ್ಲ ರೂರ್ಕೆಲಾ, ರಾಂಚಿ ಎಂಬ ಎರಡೇ ಊರುಗಳಲ್ಲಿ. ಹೈದರಾಬಾದ್ ಹೆಸರಿನ ತಂಡದ ಆಟ ನೋಡಲು ಹೈದರಾಬಾದಿನವರು ಅಷ್ಟು ದೂರ ಹೋಗಬೇಕಿತ್ತು. ಒಂದೆರಡು ಕಡೆ ಮಾತ್ರ ಆಡಿಸಿದರೆ ಖರ್ಚು ಉಳಿಯುತ್ತದೆ ನಿಜ. ಆದರೆ ಗೇಟಿನ ಹಣವಿಲ್ಲ, ಸೀಸನ್ ಟಿಕೆಟ್ ಇಲ್ಲ, ಸಂಜೆ ಮಗುವನ್ನು ಕರೆದೊಯ್ಯಲು ಪಕ್ಕದಲ್ಲಿ ತಂಡದ ಮೈದಾನವೂ ಇಲ್ಲ. ಹೀಗಿರುವಾಗ ತಂಡ ಊರು ಬಿಟ್ಟರೂ ಊರಿಗೆ ಗೊತ್ತಾಗುವುದು ಪತ್ರಿಕೆ ಓದಿದ ಮೇಲೆಯೇ.