ಬೆಳಗಾವಿ ಸೂಪರ್ ಮಾರ್ಕೆಟ್‌ನ್ಯಾಗ ಸಿಗೋ ಟ್ಯೂನಾ ಡಬ್ಬಿಗಳಲ್ಲಿ ರುಚಿಗೆ, ರೊಕ್ಕಕ್ಕ ಯಾವ ಬ್ರ್ಯಾಂಡ್ ಚಲೋ?

ಪಿಜಿಯಾಗ ಇದ್ದೀನಿ, ಒಲಿ ಹಚ್ಚಂಗಿಲ್ಲ, ಜಿಮ್‌ಗೆ ಹೋಗ್ತೀನಿ ಅಂತ ಬರದೀರಿ. ಓದಿದ ಕೂಡ್ಲೇ ನನ್ನ ಟಿಳಕವಾಡಿ ರೂಮ್ ಕಣ್ಮುಂದ ಬಂತು. ಆಗ ನಾನು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡಸಿದ್ದೆ. ಮಾಲಕರು ತತ್ತಿ ಕುದಿಸಾಕೂ ಬಿಡ್ತಿರಲಿಲ್ಲ. ರೂಮ್‌ಮೇಟ್ ಬೈಲಹೊಂಗಲದವ, ಮೀನಿನ ವಾಸನಿ ಅವಗ ಆಗಿಬರ್ತಿರಲಿಲ್ಲ. ಹಂಗಾಗಿ ಡಬ್ಬಿ ಹಿಡಕೊಂಡು ಮಾಳಿಗಿ ಮ್ಯಾಲ ಹೋಗಿ ತಿಂತಿದ್ದೆ.

ಅಂಗಡ್ಯಾಗ ಎರಡು ನಮೂನಿ ಡಬ್ಬಿ ಇದ್ವು. ಎರಡರ ಮ್ಯಾಲೂ 185 ಗ್ರಾಂ ಅಂತ ದೊಡ್ಡದಾಗಿ ಬರದಿತ್ತು. ಒಂದಕ್ಕ 210 ರೂಪಾಯಿ, ಇನ್ನೊಂದಕ್ಕ 165. ತೂಕ ಒಂದೇ, ಡಬ್ಬಿಗೆ 45 ರೂಪಾಯಿ ಉಳೀತೈತಿ ಅಂತ 165ರದ್ದು 24 ಡಬ್ಬಿ ಒಮ್ಮೆಲೇ ತಂದೆ. ದಿನಕ್ಕೊಂದು ತಿಂದೆ. ಮೂರನೇ ವಾರಕ್ಕ ಸಂಶಯ ಬಂತು. ಎಣ್ಣಿ ಬಸಿದ ಮ್ಯಾಲ ತಳದಾಗ ಉಳಿಯೋದು ಒಂದು ಹಿಡಿ ಪುಡಿ. ಗಲ್ಲಿಯ ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದೆ: 95 ಗ್ರಾಂ. ಡಬ್ಬಿ ತಿರುವಿ ನೋಡಿದ್ರ ಸಣ್ಣ ಅಕ್ಷರದಾಗ 'ಡ್ರೇನ್ಡ್ ವೇಟ್ 95 ಗ್ರಾಂ' ಅಂತ ಅವರೇ ಬರದಿದ್ರು. ಅಂದ್ರ ಎಣ್ಣಿ, ನೀರು ಬಸಿದ ಮ್ಯಾಲ ಉಳಿಯೋ ಮೀನು. ನಾನ ಓದಿರಲಿಲ್ಲ.

ಇದು ಸಣ್ಣ ತಪ್ಪಲ್ರಿ, ಲೆಕ್ಕ ಹಾಕಿ ನೋಡ್ರಿ. 210ರ ಡಬ್ಬಿಯಾಗ ಬಸಿದ ಮೀನು 130 ಗ್ರಾಂ, ಅಂದ್ರ 100 ಗ್ರಾಂಗೆ ಸುಮಾರು 162 ರೂಪಾಯಿ. ನಾನು ತಂದಿದ್ದಕ್ಕ 174. ಸೋವಿ ಅಂತ ತಂದದ್ದೇ ತುಟ್ಟಿ ಆಗಿತ್ತು. ಅದಕ್ಕಿಂತ ಕೆಟ್ಟದ್ದೇನಂದ್ರ, ಬಸಿದ ಟ್ಯೂನಾದಾಗ 100 ಗ್ರಾಂಗೆ ಹತ್ತಿರ ಹತ್ತಿರ 25 ಗ್ರಾಂ ಪ್ರೋಟೀನ್ ಇರತೈತಿ. ನಾನು 185ಕ್ಕ ಲೆಕ್ಕ ಹಿಡದು ದಿನಾ 46 ಗ್ರಾಂ ಸಿಗಾಕತ್ತೈತಿ ಅಂತ ವಹಿಯೊಳಗ ಬರಕೋತಿದ್ದೆ. ಸಿಕ್ಕಿದ್ದು 24. ಪರೀಕ್ಷೆ ಹತ್ತಿರ ಬಂದಾಗ ಅಷ್ಟು ದಿನ ಅರ್ಧ ಊಟದಾಗ ಓಡೀನಿ ಅಂತ ಗೊತ್ತಾಗಿ ಹೊಟ್ಟಿ ಉರೀತು.

ಅದಕ್ಕ ಹೇಳ್ತೀನಿ, ಯಾವ ಬ್ರ್ಯಾಂಡ್ ಅಂತ ಕೇಳೋದ ಬಿಡ್ರಿ. ಥೈಲ್ಯಾಂಡಿನ ಗೋಲ್ಡನ್ ಪ್ರೈಜ್, ಕೇರಳದ ಟೇಸ್ಟಿ ನಿಬಲ್ಸ್ ಎರಡೂ ತಿಂದೀನಿ, ಎರಡೂ ನಾಲಿಗಿಗೆ ಒಪ್ಪ್ಯಾವ. ಚಂಕ್ಸಿಗೂ ಫ್ಲೇಕ್ಸಿಗೂ ಇರೋ ಫರಕು ಎರಡು ಕಂಪನಿಗಳ ಚಂಕ್ಸಿನ ನಡುವ ಇಲ್ಲ. ಚಂಕ್ಸ್ ಅಂದ್ರ ತುಂಡು, ಹಲ್ಲಿಗೆ ಮೀನು ಅಂತ ಗೊತ್ತಾಗತೈತಿ. ಫ್ಲೇಕ್ಸ್ ಪುಡಿ ಪುಡಿ. ಉಪ್ಪುನೀರಿನದ್ದು ಬಾಯಾಗ ಒಣಾ ಒಣಾ ಆಗತೈತಿ, ಮೊಸರು ಬೇಕಾ ಬೇಕು. ನನ್ನ ಮಾತು ಕೇಳ್ತೀರಂದ್ರ ಸೂರ್ಯಕಾಂತಿ ಎಣ್ಣಿಯ ಚಂಕ್ಸ್ ತಗೊಳ್ರಿ, ಎಣ್ಣಿ ಬಸಿದು, ಹೆಚ್ಚಿದ ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ ಹಾಕಿ, ಲಿಂಬಿಹಣ್ಣು ಹಿಂಡಿ, ಖಾನಾವಳಿಯಿಂದ ಬಿಸಿ ಜ್ವಾಳದ ರೊಟ್ಟಿ ತಂದು ತಿನ್ರಿ.

ಮುಂದ ಒಲಿ ಇರೋ ರೂಮ್ ಸಿಕ್ತಂದ್ರ ಡಬ್ಬಿ ಬಿಟ್ಟು ಕ್ಯಾಂಪಿನ ಮೀನು ಮಾರ್ಕೆಟ್ಟಿಗೆ ಹೋಗ್ರಿ. ಗೋವಾ ಇಷ್ಟು ಸಮೀಪ ಇದ್ದಾಗ ಬಂಗಡೆ ಬಿಟ್ಟು ಡಬ್ಬಿ ಯಾಕ ತಿನ್ನಬೇಕು? ಅಲ್ಲೀತನಕ ಮೊದಲು ಒಂದೇ ಡಬ್ಬಿ ತಗೊಳ್ರಿ, ಬಸಿದು ತೂಗಿಸ್ರಿ. ಕಿರಾಣಿ ಅಂಗಡಿಯವರು ಬ್ಯಾಡ ಅನ್ನಂಗಿಲ್ಲ.